ಗ್ರಾಮಸಭೆ ಆಯಿತಂತೆ, ನಮಗೆ ಗೊತ್ತೇ ಆಗಲಿಲ್ಲ

ಪ್ರಶ್ನೆ: ನಾನು ತುಮಕೂರು ಜಿಲ್ಲೆಯ ಒಂದು ಹಳ್ಳಿಯವಳು. ಮನೆಯಲ್ಲೇ ಹೊಲಿಗೆ ಮಾಡುತ್ತೇನೆ, ನಮ್ಮ ಸ್ತ್ರೀಶಕ್ತಿ ಸಂಘದ ಲೆಕ್ಕ ಬರೆಯುತ್ತೇನೆ. ಹೋದ ತಿಂಗಳು ನಮ್ಮ ಪಂಚಾಯಿತಿಯಲ್ಲಿ ಗ್ರಾಮಸಭೆ ನಡೆಯಿತಂತೆ. ಡಂಗುರ ಹೊಡೆಸಲಿಲ್ಲ, ಯಾರೂ ಹೇಳಲಿಲ್ಲ. ಮೂರು ದಿನ ಬಿಟ್ಟು ನೀರುಗಂಟಿ ಪುಸ್ತಕ ಹಿಡಿದು ಮನೆಮನೆಗೆ ಬಂದು ಸಹಿ ಹಾಕಿಸಿಕೊಂಡು ಹೋದ. ನಾನು ಹಾಕಲಿಲ್ಲ. ಆದರೆ ಅದೇ ಪುಟದಲ್ಲಿ ನಮ್ಮ ಮಾವನವರ ಸಹಿ ಇತ್ತು. ಅವರಿಗೆ ಲಕ್ವಾ ಹೊಡೆದು ಎರಡು ವರ್ಷವಾಯಿತು, ಬಲಗೈ ಏಳುವುದಿಲ್ಲ. ಊರಿನ ವಾಟ್ಸಾಪ್ ಗುಂಪಿನಲ್ಲಿ ‘ಪಂಚಾಯಿತಿಗೆ 80 ಲಕ್ಷ ಬಂದಿದೆ, ಎಲ್ಲಾ ನುಂಗಿದರು’ ಎಂದು ದಿನವೂ ಬರುತ್ತದೆ. ನಮ್ಮ ಬೀದಿಯ ಚರಂಡಿ ಬೇವಿನ ಮರದವರೆಗೆ ಬಂದು ನಿಂತಿದೆ, ಮಗ ಮೊಬೈಲ್‌ನಲ್ಲಿ ನೋಡಿದರೆ ‘ಪೂರ್ಣಗೊಂಡಿದೆ’ ಎಂದು ತೋರಿಸುತ್ತದೆ. ಸಂಘದ ನಾಲ್ಕೈದು ಜನ ಸೇರಿ ತಿಂಗಳಿಗೊಮ್ಮೆ ಊರಿನ ಸುದ್ದಿಯನ್ನು ಒಂದು ಹಾಳೆಯಲ್ಲಿ ಬರೆದು ಅಂಟಿಸಬೇಕೆಂದುಕೊಂಡಿದ್ದೇವೆ. ‘ಅವರನ್ನು ಎದುರು ಹಾಕಿಕೊಂಡರೆ ನಲ್ಲಿ ಕತ್ತರಿಸುತ್ತಾರೆ, ಮನೆ ಪಟ್ಟಿಯಿಂದ ಹೆಸರು ತೆಗೆಯುತ್ತಾರೆ’ ಎಂದು ಮನೆಯವರು ಹೆದರುತ್ತಾರೆ. ನಿಜವಾದ ಸುದ್ದಿ ನಮಗೆ ಎಲ್ಲಿ ಸಿಗುತ್ತದೆ? ನಾವು ಏನು ಮಾಡಬಹುದು?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಕೇಳಿರುವುದು ನಾಲ್ಕು ಸಂಗತಿಯಾದರೂ ಬೇರು ಒಂದೇ. ಊರಿನ ಸುದ್ದಿ ನಿಮ್ಮ ಹೊಸ್ತಿಲಿಗೆ ಬರುವಷ್ಟರಲ್ಲಿ ಎಲ್ಲ ಮುಗಿದುಹೋಗಿರುತ್ತದೆ. ಸಭೆ ಆದ ಮೇಲೆ ಸಹಿಯ ಪುಸ್ತಕ ಬರುತ್ತದೆ. ಬಿಲ್ಲು ಪಾಸಾದ ಮೇಲೆ ಚರಂಡಿಯ ವಿಚಾರ ತಿಳಿಯುತ್ತದೆ. ಆಮೇಲೆ ಉಳಿಯುವುದು ಸಿಟ್ಟು ಮಾತ್ರ, ಆ ಸಿಟ್ಟು ವಾಟ್ಸಾಪ್ ಗುಂಪಿಗೆ ಹೋಗುತ್ತದೆ. ಗ್ರಾಮ ಪಂಚಾಯಿತಿ ಕಾರ್ಯದರ್ಶಿಯಾಗಿ, ಆಮೇಲೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಅಂದರೆ ಪಿಡಿಒ ಆಗಿ ಇಪ್ಪತ್ತಾರು ವರ್ಷ ಮೇಜಿನ ಆಚೆ ಬದಿಯಲ್ಲಿ ಕುಳಿತವನು ನಾನು. ಈ ತಡ ಎಲ್ಲಿ ಹುಟ್ಟುತ್ತದೆ ಎಂಬುದನ್ನು ಒಳಗಿನಿಂದ ನೋಡಿದ್ದೇನೆ. ಹಣ ಖರ್ಚಾದ ಮೇಲೆ ಕೇಳುವುದಕ್ಕಿಂತ ಕ್ರಿಯಾ ಯೋಜನೆ ತಯಾರಾಗುವ ಹೊತ್ತಿನಲ್ಲಿ ಕೇಳುವುದು ಹತ್ತು ಪಟ್ಟು ಸುಲಭ. ಮುಂದೆ ಬರೆದಿರುವುದೆಲ್ಲ ಈ ಮಾತಿನ ಸುತ್ತಲೇ ಇದೆ.

ಮೊದಲು ಸಹಿಯ ಪುಸ್ತಕದ ವಿಚಾರ.

ಗ್ರಾಮಸಭೆ ಎಂದರೆ ಪಂಚಾಯಿತಿ ಸದಸ್ಯರ ಸಭೆಯೆಂದು ಬಹಳ ಜನ ತಿಳಿದಿದ್ದಾರೆ. ಅದು ತಪ್ಪು. ಪಂಚಾಯಿತಿ ವ್ಯಾಪ್ತಿಯ ಮತದಾರರ ಪಟ್ಟಿಯಲ್ಲಿ ಯಾರ ಹೆಸರಿದೆಯೋ ಅವರೆಲ್ಲ ಗ್ರಾಮಸಭೆಯ ಸದಸ್ಯರು. ನೀವು, ನಿಮ್ಮ ಮಾವನವರು, ಪುಸ್ತಕ ಹಿಡಿದು ಬಂದ ನೀರುಗಂಟಿ, ಎಲ್ಲರೂ. 1993ರ ಏಪ್ರಿಲ್ 24ರಂದು ಜಾರಿಗೆ ಬಂದ ಸಂವಿಧಾನದ 73ನೇ ತಿದ್ದುಪಡಿ ಇದಕ್ಕೆ ಸಂವಿಧಾನದಲ್ಲೇ ಜಾಗ ಕೊಟ್ಟಿತು. ನಮ್ಮ ರಾಜ್ಯದ ಕಾಯ್ದೆಗೆ ಈಗ ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993 ಎಂದು ಹೆಸರು. ಅದರ ಪ್ರಕಾರ ಆರು ತಿಂಗಳಿಗೆ ಒಮ್ಮೆಯಾದರೂ ಗ್ರಾಮಸಭೆ ನಡೆಯಲೇಬೇಕು. ಕೋರಂ, ಅಂದರೆ ಸಭೆಯಲ್ಲಿ ಇರಲೇಬೇಕಾದ ಕನಿಷ್ಠ ಜನ ಎಷ್ಟೆಂದರೆ, ಒಟ್ಟು ಮತದಾರರ ಹತ್ತನೇ ಒಂದು ಭಾಗ ಅಥವಾ ನೂರು ಜನ, ಯಾವುದು ಕಡಿಮೆಯೋ ಅದು. ಅದಕ್ಕೂ ಮೊದಲು ವಾರ್ಡ್ ಸಭೆ ಆಗಿರಬೇಕು. ಊರಿನವರು ಬೇಡಿಕೆ ಇಡುವುದು ವಾರ್ಡ್ ಸಭೆಯಲ್ಲಿ, ಅವುಗಳನ್ನು ಒಟ್ಟುಗೂಡಿಸಿ ಆದ್ಯತೆ ಕೊಡುವುದು ಗ್ರಾಮಸಭೆಯಲ್ಲಿ.

ಈ ಕೋರಂ ಸಂಖ್ಯೆಯೇ ಪುಸ್ತಕವನ್ನು ನಿಮ್ಮ ಮನೆ ಬಾಗಿಲಿಗೆ ತರುತ್ತದೆ. ಒಬ್ಬ ಪಿಡಿಒ ಎರಡು ಪಂಚಾಯಿತಿಗಳ ಹೊಣೆ ಹೊತ್ತಿರುತ್ತಾರೆ. ತಾಲ್ಲೂಕಿನಿಂದ ಇಂಥ ದಿನಾಂಕದೊಳಗೆ ಸಭೆ ಮುಗಿಸಿ ನಡಾವಳಿಯನ್ನು, ಅಂದರೆ ಸಭೆಯ ತೀರ್ಮಾನಗಳ ದಾಖಲೆಯನ್ನು, ಕಂಪ್ಯೂಟರಿಗೆ ಏರಿಸಿ ಎಂದು ಒತ್ತಡ ಬರುತ್ತದೆ. ನೋಟಿಸ್ ಬೋರ್ಡಿಗೆ ಒಂದು ಹಾಳೆ ಅಂಟಿಸಿ ಪ್ರಚಾರ ಆಯಿತು ಎನ್ನುತ್ತಾರೆ. ಸಭೆಯ ದಿನ ಮೂವತ್ತು ಜನ ಬರುತ್ತಾರೆ, ಪುಸ್ತಕದಲ್ಲಿ ನೂರು ಬೇಕು. ಜನರೂ ಸುಮ್ಮನೆ ಬಾರದೆ ಇರುವುದಿಲ್ಲ. ಹೋದ ವರ್ಷ ಬರೆಸಿದ ಬೀದಿ ದೀಪವೇ ಬಂದಿಲ್ಲ, ಕೂಲಿ ಬಿಟ್ಟು ಯಾಕೆ ಹೋಗಬೇಕು ಎಂಬ ಪ್ರಶ್ನೆ ಅವರದು. ಮನೆ ಹಂಚಿಕೆ ವಿಷಯ ಇದ್ದ ದಿನ ಮಾತ್ರ ಶಾಲೆಯ ಅಂಗಳ ತುಂಬುತ್ತದೆ. ನಾನು ಕಾರ್ಯದರ್ಶಿಯಾಗಿದ್ದ ಮೊದಲ ವರ್ಷಗಳಲ್ಲಿ ನಮ್ಮಲ್ಲೂ ಹೀಗೆಯೇ ಪುಸ್ತಕ ಹೊರಗೆ ಹೋಗಿತ್ತು. ನಾನು ತಡೆಯಲಿಲ್ಲ. ಒಂದು ಸಂಜೆ ಆ ಪುಟ ತಿರುಗಿಸಿದಾಗ ಹದಿನೇಳು ಸಹಿಗಳು ಒಂದೇ ಶಾಯಿಯಲ್ಲಿ, ಒಂದೇ ಓರೆಯಲ್ಲಿ, ಒಂದೇ ಒತ್ತಿನಲ್ಲಿ ಇದ್ದವು. ಓದು ಬಾರದ ಮೂವರ ಹೆಸರಿನ ಮುಂದೆ ಹೆಬ್ಬೆಟ್ಟಿನ ಬದಲು ಚೆಂದದ ಅಕ್ಷರ ಇತ್ತು. ಆ ಪುಟದ ಆಧಾರದ ಮೇಲೆ ಒಂದು ವರ್ಷದ ಕಾಮಗಾರಿಗಳಿಗೆ ಒಪ್ಪಿಗೆ ಸಿಕ್ಕಿತ್ತು. ಇಂದಿಗೂ ಅದು ನನ್ನ ಕಣ್ಣ ಮುಂದೆ ಇದೆ.

ಆದ್ದರಿಂದ ನಿಮ್ಮ ಮಾವನವರ ಸಹಿಯನ್ನು ಸಣ್ಣದೆಂದು ಬಿಡಬೇಡಿ. ಬೇರೆಯವರ ಸಹಿ ಹಾಕುವುದು ಅಪರಾಧ. ಆದರೆ ಇದನ್ನು ಹಿಡಿದು ಮೊದಲ ದಿನವೇ ಪೊಲೀಸ್ ಠಾಣೆಗೆ ಹೋಗಿ ಎಂದು ನಾನು ಹೇಳುವುದಿಲ್ಲ. ಹಾಗೆ ಹೋದರೆ ಮೊದಲು ಸಿಕ್ಕಿಬೀಳುವವನು ನೀರುಗಂಟಿ. ಕಡಿಮೆ ಸಂಬಳದ ಆತ ಮೇಲಿನವರು ಹೇಳಿದ್ದನ್ನು ಮಾಡಿರುತ್ತಾನೆ. ಅವನ ಮನೆಗೂ ನಿಮ್ಮ ಮನೆಗೂ ಹಗೆ ಹುಟ್ಟುತ್ತದೆ, ಪುಸ್ತಕ ಕಳಿಸಿದವರು ಪಕ್ಕಕ್ಕೆ ಸರಿಯುತ್ತಾರೆ. ನೀವು ಕೇಳಬೇಕಾದದ್ದು ಸಭೆಯನ್ನೇ ಹೊಸದಾಗಿ ನಡೆಸಿ ಎಂದು. ಪಿಡಿಒ ಅವರಿಗೆ ಅರ್ಜಿ ಬರೆಯಿರಿ, ಒಂದು ಪ್ರತಿಯನ್ನು ತಾಲ್ಲೂಕು ಪಂಚಾಯಿತಿಯ ಕಾರ್ಯನಿರ್ವಾಹಕ ಅಧಿಕಾರಿಗೆ ಕಳಿಸಿ. ‘ಇಂಥ ದಿನದ ಗ್ರಾಮಸಭೆಗೆ ಪ್ರಚಾರ ಆಗಿಲ್ಲ, ಹಾಜರಿರದವರ ಸಹಿಗಳಿವೆ, ನಡಾವಳಿಯನ್ನು ಮಾನ್ಯ ಮಾಡದೆ ಮತ್ತೆ ಸಭೆ ಕರೆಯಬೇಕು’ ಎಂಬ ಮೂರೇ ಮಾತು ಸಾಕು. ಮಾವನವರ ವೈದ್ಯಕೀಯ ದಾಖಲೆಯ ನಕಲು ಜೊತೆಗಿರಲಿ. ನಿಮ್ಮ ಪ್ರತಿಯ ಮೇಲೆ ಕಚೇರಿಯ ಮುದ್ರೆ, ದಿನಾಂಕ ಹಾಕಿಸಿಕೊಳ್ಳದೆ ಹೊಸ್ತಿಲು ದಾಟಬೇಡಿ. ಮುದ್ರೆ ಇಲ್ಲದ ಅರ್ಜಿಯನ್ನು ಕಚೇರಿ ಕೊಟ್ಟೇ ಇಲ್ಲ ಎನ್ನಬಹುದು. ಮುದ್ರೆ ಹಾಕಲು ಒಪ್ಪದಿದ್ದರೆ ಅಂಚೆ ಕಚೇರಿಯಿಂದ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ.

ಇಷ್ಟಕ್ಕೂ ಅವರು ಕದಲದಿದ್ದರೆ ಕಾಯ್ದೆಯಲ್ಲಿ ಇನ್ನೊಂದು ದಾರಿ ಇದೆ, ಹೆಚ್ಚು ಜನ ಅದನ್ನು ಬಳಸುವುದಿಲ್ಲ. ಗ್ರಾಮಸಭೆಯ ಸದಸ್ಯರಲ್ಲಿ ಶೇಕಡಾ ಹತ್ತು ಮಂದಿ ವಿಷಯಗಳನ್ನು ಬರೆದು ಲಿಖಿತವಾಗಿ ಕೇಳಿದರೆ ವಿಶೇಷ ಗ್ರಾಮಸಭೆ ಕರೆಯಬೇಕು. ಎರಡು ವಿಶೇಷ ಸಭೆಗಳ ನಡುವೆ ಮೂರು ತಿಂಗಳ ಅಂತರವಿರಬೇಕು ಎಂಬುದೊಂದೇ ಷರತ್ತು. ಶೇಕಡಾ ಹತ್ತು ಎಂದರೆ ದೊಡ್ಡ ಪಂಚಾಯಿತಿಯಲ್ಲಿ ಕಷ್ಟದ ಕೆಲಸ. ನಾಲ್ಕೈದು ಹಳ್ಳಿ ಸುತ್ತಬೇಕು. ಆದರೆ ನಿಮ್ಮ ಕೈಯಲ್ಲಿ ಸಂಘಗಳಿವೆ. ಪ್ರತಿ ಹಳ್ಳಿಯ ಸಂಘದ ವಾರದ ಸಭೆಗೆ ಒಂದು ಹಾಳೆ ಹೋದರೆ ಎರಡು ವಾರದಲ್ಲಿ ಮುಗಿಯುವ ಕೆಲಸ ಅದು. ಅದರಲ್ಲಿ ಒಂದೇ ಎಚ್ಚರಿಕೆ: ಒಂದು ಸಹಿಯೂ ಮನೆಯವರ ಪರವಾಗಿ ಹಾಕಿದ್ದಾಗಿರಬಾರದು. ಅವರ ಪುಸ್ತಕವನ್ನು ಪ್ರಶ್ನಿಸುವ ನೀವು ನಿಮ್ಮ ಪುಸ್ತಕವನ್ನು ಅಷ್ಟೇ ಚೊಕ್ಕವಾಗಿ ಇಡಬೇಕು.

ಇಲ್ಲಿ ಒಂದು ಹಳೆಯ ಮಾತು ನೆನಪಾಗುತ್ತದೆ. 1983ರ ಕಾಯ್ದೆಯಿಂದ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳು ಬಂದು 1987ರಲ್ಲಿ ಚುನಾವಣೆ ನಡೆದಾಗ ನಾನು ಶಾಲೆಯ ಹುಡುಗ. ಅದರ ಹಿಂದೆ ಇದ್ದ ಸಚಿವ ಅಬ್ದುಲ್ ನಜೀರ್ ಸಾಬ್ ಅವರನ್ನು ನಮ್ಮ ಕಡೆಯ ಜನ ಕೊಳವೆಬಾವಿಗಳಿಂದಾಗಿ ನೀರು ಸಾಬ್ ಎಂದೇ ಕರೆಯುತ್ತಿದ್ದರು. ಪಂಚಾಯಿತಿ ತರಬೇತಿ ನಡೆಯುವ ಮೈಸೂರಿನ ಸಂಸ್ಥೆಗೆ ಇಂದಿಗೂ ಅವರ ಹೆಸರಿದೆ. ಹಳ್ಳಿಯವರು ಕುಳಿತು ತಮ್ಮ ಊರಿನ ಲೆಕ್ಕ ಕೇಳಬೇಕೆಂಬ ಆಸೆ ನಮ್ಮ ರಾಜ್ಯಕ್ಕೆ ದೆಹಲಿಯಿಂದ ಬಂದದ್ದಲ್ಲ, ಅದಕ್ಕೂ ಮೊದಲೇ ಇಲ್ಲಿತ್ತು. ಖಾಲಿ ಪುಸ್ತಕ ನಿಮ್ಮ ಮನೆಗೆ ಬಂದದ್ದು ನೋಡಿದಾಗ ಅದಕ್ಕೇ ನನಗೆ ಹೆಚ್ಚು ನೋವಾಗುತ್ತದೆ.

ಇನ್ನು 80 ಲಕ್ಷ.

ಈ ಸಂಖ್ಯೆ ಎಲ್ಲಿಂದ ಬಂತೆಂದು ನನಗೆ ಅಂದಾಜಿದೆ, ಏಕೆಂದರೆ ಇಂಥದ್ದೇ ಸಂಖ್ಯೆಗಳನ್ನು ನೂರು ಸಲ ಕೇಳಿದ್ದೇನೆ. ಯಾರೋ ಕ್ರಿಯಾ ಯೋಜನೆಯ ಹಾಳೆಯ ಕೊನೆಯಲ್ಲಿ ಇರುವ ಒಟ್ಟು ಮೊತ್ತವನ್ನು ನೋಡಿರುತ್ತಾರೆ. ಕ್ರಿಯಾ ಯೋಜನೆ ಎಂದರೆ ಈ ವರ್ಷ ಇಷ್ಟು ಕೆಲಸ ಮಾಡಬೇಕೆಂಬ ಪಟ್ಟಿ. ಮಂಜೂರಾದದ್ದು ಬೇರೆ, ಖಾತೆಗೆ ಬಿಡುಗಡೆಯಾದದ್ದು ಬೇರೆ, ಬಿಲ್ಲಿಗೆ ಪಾವತಿಯಾದದ್ದು ಬೇರೆ. ನಾಲ್ಕೂ ಸಂಖ್ಯೆಗಳು ಒಂದೇ ಆಗಿರುವ ಪಂಚಾಯಿತಿಯನ್ನು ನಾನು ನೋಡಿಲ್ಲ. ಯಾರಾದರೂ ‘ಇಷ್ಟು ಲಕ್ಷ ಬಂದಿದೆ’ ಎಂದರೆ ನೀವು ಕೇಳಬೇಕಾದ ಮೊದಲ ಪ್ರಶ್ನೆ, ಇದು ಈ ನಾಲ್ಕರಲ್ಲಿ ಯಾವುದು ಎಂದು.

ಊರಿನಲ್ಲಿ ಕಾಣುವ ಸರ್ಕಾರದ ಎಲ್ಲ ಹಣವೂ ಪಂಚಾಯಿತಿಯ ಖಾತೆಗೆ ಬರುವುದಿಲ್ಲ ಎಂಬುದೂ ತಿಳಿದಿರಲಿ. ಗೃಹಲಕ್ಷ್ಮಿ ಮಹಿಳಾ ಮತ್ತು ಮಕ್ಕಳ ಇಲಾಖೆಯದು. ವೃದ್ಧಾಪ್ಯ ವೇತನ ಕಂದಾಯ ಇಲಾಖೆಯದು, ಅರ್ಜಿ ಹೋಗುವುದು ನಾಡಕಚೇರಿಗೆ. ಪಡಿತರ ಚೀಟಿ ಆಹಾರ ಇಲಾಖೆಯದು. ಬೀದಿ ಅಗೆದು ಮನೆಮನೆಗೆ ನಲ್ಲಿ ಹಾಕಿದ ಜಲಜೀವನ್ ಕಾಮಗಾರಿಯನ್ನು ನಡೆಸಿದ್ದು ಗ್ರಾಮೀಣ ಕುಡಿಯುವ ನೀರು ಇಲಾಖೆಯ ಎಂಜಿನಿಯರುಗಳು, ಅದರ ಬಿಲ್ಲು ಪಂಚಾಯಿತಿಯಲ್ಲಿ ಪಾಸಾಗುವುದಿಲ್ಲ. ಅಗೆದ ರಸ್ತೆ ಮುಚ್ಚಿಲ್ಲ ಎಂಬ ಸಿಟ್ಟನ್ನು ಜನ ಪಂಚಾಯಿತಿ ಅಧ್ಯಕ್ಷರ ಮೇಲೆ ತೀರಿಸಿಕೊಳ್ಳುತ್ತಾರೆ. ಆ ಅರ್ಜಿ ಹೋಗಬೇಕಾದದ್ದು ಬೇರೆ ಕಡೆ.

ಪಂಚಾಯಿತಿಯ ಕೈಗೆ ನೇರವಾಗಿ ಬರುವ ಹಣದಲ್ಲಿ ದೊಡ್ಡದು ಕೇಂದ್ರ ಹಣಕಾಸು ಆಯೋಗದ ಅನುದಾನ. 2021ರಿಂದ 2026ರ ಮಾರ್ಚ್‌ವರೆಗಿನ ಹದಿನೈದನೇ ಹಣಕಾಸು ಆಯೋಗದ ಲೆಕ್ಕದಲ್ಲಿ ಶೇಕಡಾ 60 ಭಾಗವನ್ನು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಖರ್ಚು ಮಾಡಬೇಕಿತ್ತು. ಉಳಿದ 40 ಭಾಗವನ್ನು ಊರಿನ ಅಗತ್ಯಕ್ಕೆ ತಕ್ಕಂತೆ ಬಳಸಬಹುದಿತ್ತು, ಸಂಬಳಕ್ಕೆ ಬಳಸುವಂತಿರಲಿಲ್ಲ. ಇದರ ಜೊತೆಗೆ ರಾಜ್ಯದ ಶಾಸನಬದ್ಧ ಅನುದಾನ, ನೀವು ಕಟ್ಟುವ ಮನೆ ಕಂದಾಯ, ನೀರಿನ ಕರ. ಇವುಗಳಲ್ಲಿ ಎಷ್ಟು ಪಾಲು ಕೊಳವೆಬಾವಿ ಮೋಟಾರು ಮತ್ತು ಬೀದಿ ದೀಪದ ಕರೆಂಟ್ ಬಿಲ್ಲಿಗೆ ಹೋಗುತ್ತದೆ ಎಂದು ನೋಡಿದರೆ ನಿಮಗೆ ಆಶ್ಚರ್ಯವಾಗಬಹುದು. ನಮ್ಮ ಪಂಚಾಯಿತಿಯಲ್ಲಿ ವಿದ್ಯುತ್ ಬಾಕಿಯ ಹಾಳೆ ಬಂದ ದಿನ ಕಚೇರಿಯಲ್ಲಿ ಯಾರೂ ಜೋರಾಗಿ ಮಾತನಾಡುತ್ತಿರಲಿಲ್ಲ.

ಹಾಗೆಂದ ಮಾತ್ರಕ್ಕೆ ಯಾರೂ ನುಂಗುವುದಿಲ್ಲ ಎಂದು ನಾನು ಹೇಳುತ್ತಿಲ್ಲ. ನುಂಗುವವರಿದ್ದಾರೆ. ಅವರಿಗೆ ಈ 80 ಲಕ್ಷದ ಗದ್ದಲ ಬಹಳ ಅನುಕೂಲ. ‘ನೋಡಿ, ಬಂದಿರುವುದೇ 22 ಲಕ್ಷ, ಇವರು ಸುಳ್ಳು ಹಬ್ಬಿಸುತ್ತಾರೆ’ ಎಂದು ಒಂದು ಕಾಗದ ತೋರಿಸಿ ಎದ್ದುಹೋಗುತ್ತಾರೆ. ಆ 22 ಲಕ್ಷದೊಳಗಿನ ಒಂದು ಖೋಟಾ ಬಿಲ್ಲನ್ನು ಆಗ ಯಾರೂ ಕೇಳುವುದಿಲ್ಲ. ದೊಡ್ಡ ಸುಳ್ಳು ಸಣ್ಣ ಕಳ್ಳತನಕ್ಕೆ ಮರೆಯಾಗುತ್ತದೆ.

ನಿಜವಾದ ಸಂಖ್ಯೆಗಳನ್ನು ನೋಡಲು ನಿಮ್ಮ ಮಗನ ಮೊಬೈಲ್ ಸಾಕು. ಕೇಂದ್ರದ ಇ-ಗ್ರಾಮಸ್ವರಾಜ್ ತಾಣದಲ್ಲಿ ರಾಜ್ಯ, ಜಿಲ್ಲೆ, ತಾಲ್ಲೂಕು, ಪಂಚಾಯಿತಿ ಆರಿಸಿದರೆ ಆ ವರ್ಷದ ಅಭಿವೃದ್ಧಿ ಯೋಜನೆ, ಬಂದ ಹಣ, ಪಾವತಿಯಾದ ವೋಚರುಗಳು ಕಾಣುತ್ತವೆ. ರಾಜ್ಯ ಸರ್ಕಾರ 2024ರಲ್ಲಿ ಪಂಚಮಿತ್ರ ಎಂಬ ಪೋರ್ಟಲ್ ಮತ್ತು ವಾಟ್ಸಾಪ್ ಸೇವೆಯನ್ನು ತಂದಿತು. ಸದಸ್ಯರು, ಸಿಬ್ಬಂದಿ, ಪಂಚಾಯಿತಿಯ ಸೇವೆಗಳ ವಿವರಕ್ಕೆ ಅದು ಅನುಕೂಲ. ಊರಿನ ಗ್ರಂಥಾಲಯ, ಈಗ ಅದಕ್ಕೆ ಅರಿವು ಕೇಂದ್ರ ಎಂದು ಹೆಸರು, ಹೆಚ್ಚಿನ ಕಡೆ ಅಲ್ಲಿ ಕಂಪ್ಯೂಟರ್ ಇದೆ. ಮೊಬೈಲ್ ಪರದೆಯಲ್ಲಿ ಕಣ್ಣು ನೋಯಿಸಿಕೊಳ್ಳುವ ಬದಲು ಅಲ್ಲಿ ಕುಳಿತು ಒಂದು ವರ್ಷದ ಪಟ್ಟಿಯನ್ನು ಕೈಯಲ್ಲಿ ಬರೆದುಕೊಳ್ಳಿ.

ಈಗ ನಿಮ್ಮ ಚರಂಡಿಗೆ ಬರುತ್ತೇನೆ. ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ಆಸಕ್ತಿ ಹುಟ್ಟಿಸಿದ್ದು ಇದು. ಏಕೆಂದರೆ ಇದನ್ನು ಅಳೆಯಬಹುದು.

ಪರದೆಯ ಮೇಲೆ ‘ಪೂರ್ಣಗೊಂಡಿದೆ’ ಎಂದಿದ್ದರೆ ಕಚೇರಿಯಲ್ಲಿ ಕಂಪ್ಯೂಟರ್ ಮುಂದೆ ಕುಳಿತವರು ಆ ಕಾಮಗಾರಿಯ ಕಡತ ಮುಗಿಸಲು ಆ ಪದವನ್ನು ಆರಿಸಿದ್ದಾರೆ ಎಂದಷ್ಟೇ ಅರ್ಥ. ಹಿಂದೆ ಮೂರು ಕಾರಣಗಳಿರಬಹುದು. ಅಂದಾಜು ಪಟ್ಟಿಯೇ ಬೇವಿನ ಮರದವರೆಗೆ ಇದ್ದಿರಬಹುದು. ಚರಂಡಿಗೆ ದುಡ್ಡು ಸಾಲದೆ ಇಂಥವರ ಮನೆಯಿಂದ ಇಂಥವರ ಮನೆಯವರೆಗೆ ಎಂದು ತುಂಡು ಮಾಡುವುದು ಮಾಮೂಲು. ಅಥವಾ ಎರಡು ವರ್ಷದ ಎರಡು ಕಾಮಗಾರಿಗೆ ಒಂದೇ ಹೆಸರಿದ್ದು, ಮೊದಲನೆಯದು ಮಾತ್ರ ಮುಗಿದಿರಬಹುದು. ಮೂರನೆಯದು ನಿಮ್ಮ ಅನುಮಾನ: ಪೂರ್ತಿ ಉದ್ದದ ಬಿಲ್ಲು ಬರೆದು ಅರ್ಧ ಕಟ್ಟಿದ್ದಾರೆ. ಮೂರರಲ್ಲಿ ಯಾವುದೆಂದು ಹೇಳುವ ಕಾಗದ ಒಂದಿದೆ. ಅದು ಅಳತೆ ಪುಸ್ತಕ. ಕಚೇರಿಯವರು ಎಂಬಿ ಎನ್ನುತ್ತಾರೆ.

ಅಳತೆ ಪುಸ್ತಕದಲ್ಲಿ ಎಂಜಿನಿಯರು ಸ್ಥಳಕ್ಕೆ ಬಂದು ಅಳೆದ ಉದ್ದ, ಅಗಲ, ಆಳ, ಕಾಂಕ್ರೀಟಿನ ದಪ್ಪ ಎಲ್ಲವನ್ನೂ ಬರೆದು ಸಹಿ ಹಾಕಿರಬೇಕು. ಆ ಅಳತೆಗೆ ತಕ್ಕಂತೆ ಬಿಲ್ಲು. ಕೆಲಸಕ್ಕೆ ಮೊದಲು, ನಡುವೆ, ಮುಗಿದ ಮೇಲೆ ತೆಗೆದ ಫೋಟೊಗಳೂ ಕಡತದಲ್ಲಿರಬೇಕು. ಒಮ್ಮೆ ಒಂದು ಪಂಚಾಯಿತಿಯ ಜಮಾಬಂದಿಗೆ ಹೋಗಿದ್ದೆ. ಪುಸ್ತಕದಲ್ಲಿ ಚರಂಡಿಯ ಉದ್ದ 64 ಮೀಟರ್. ಊರಿನ ಗಾರೆ ಕೆಲಸದವರೊಬ್ಬರು ತಮ್ಮ ಟೇಪನ್ನು ತಂದರು. ಒಂದು ತುದಿಯನ್ನು ಮೋರಿಯ ಬಾಯಲ್ಲಿ ಒಬ್ಬ ಹುಡುಗ ಹಿಡಿದ, ಇನ್ನೊಂದು ತುದಿಯನ್ನು ಅವರು ಎಳೆದುಕೊಂಡು ನಡೆದರು. 41 ಮೀಟರಿಗೆ ಚರಂಡಿ ಮುಗಿಯಿತು, ಅದರಾಚೆ ತಿಪ್ಪೆ. ಆ ಹೊತ್ತು ಯಾರೂ ಕೂಗಾಡಲಿಲ್ಲ. ಟೇಪ್ ನೆಲದ ಮೇಲೆ ಬಿದ್ದಿತ್ತು, ಎಲ್ಲರೂ ಅದನ್ನೇ ನೋಡುತ್ತಿದ್ದರು. ಗುತ್ತಿಗೆದಾರ ಮಾರನೆಯ ವಾರ ಉಳಿದ ಉದ್ದವನ್ನು ಕಟ್ಟಿಸಿದ.

ಜಮಾಬಂದಿ ಎಂದೆನಲ್ಲ, ಅದನ್ನು ವಿವರಿಸಬೇಕು. ಪ್ರತಿ ವರ್ಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರೊಳಗೆ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಹಿಂದಿನ ವರ್ಷದ ಲೆಕ್ಕ ಮತ್ತು ಕಾಮಗಾರಿಗಳ ಜಮಾಬಂದಿ ನಡೆಯಬೇಕು. ಹೊರಗಿನ ಅಧಿಕಾರಿಯೊಬ್ಬರು ಬರುತ್ತಾರೆ, ಕಡತಗಳನ್ನು ತೆರೆದಿಡುತ್ತಾರೆ, ಕಾಮಗಾರಿಗಳ ಸ್ಥಳಕ್ಕೆ ಹೋಗುತ್ತಾರೆ. ಊರಿನ ಯಾರು ಬೇಕಾದರೂ ಹೋಗಿ ಕೂರಬಹುದು, ಕೇಳಬಹುದು. ಯಾರ ಅನುಮತಿಯೂ ಬೇಕಿಲ್ಲ. ಇಷ್ಟು ಒಳ್ಳೆಯ ಏರ್ಪಾಡಿಗೆ ಹೆಚ್ಚಿನ ಊರುಗಳಲ್ಲಿ ಐದು ಜನವೂ ಬರುವುದಿಲ್ಲ. ಬಂದ ಅಧಿಕಾರಿ ಕಾಫಿ ಕುಡಿದು ಸಹಿ ಹಾಕಿ ಹೋಗುತ್ತಾರೆ. ನಿಮ್ಮ ಸಂಘದ ಎಂಟು ಹೆಂಗಸರು ಒಂದು ಟೇಪ್ ಹಿಡಿದು ಬಂದರೆ ಆ ದಿನದ ಬಣ್ಣವೇ ಬದಲಾಗುತ್ತದೆ.

ಅಲ್ಲಿಯವರೆಗೆ ಕಾಯಲಾಗದಿದ್ದರೆ ಮಾಹಿತಿ ಹಕ್ಕಿನ ಅರ್ಜಿ. ಶುಲ್ಕ 10 ರೂಪಾಯಿ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಮಿತಿ. ಪಂಚಾಯಿತಿಯಲ್ಲಿ ಅರ್ಜಿ ತೆಗೆದುಕೊಳ್ಳಬೇಕಾದವರು ಪಿಡಿಒ. ಬಹಳ ಜನ ಇಲ್ಲಿ ಎಡವುತ್ತಾರೆ. ‘ಚರಂಡಿ ಯಾಕೆ ಅರ್ಧಕ್ಕೆ ನಿಂತಿದೆ?’ ಎಂದು ಕೇಳುತ್ತಾರೆ. ಯಾಕೆ ಎಂಬುದಕ್ಕೆ ಆ ಕಾಯ್ದೆಯಡಿ ಉತ್ತರ ಬರುವುದಿಲ್ಲ. ಕಾಗದ ಕೇಳಿದರೆ ಕಾಗದ ಬರುತ್ತದೆ. ಹೀಗೆ ಬರೆಯಿರಿ: ‘ಇಂಥ ಬೀದಿಯ ಚರಂಡಿ ಕಾಮಗಾರಿಯ ಮಂಜೂರಾದ ಅಂದಾಜು ಪಟ್ಟಿ, ಅಳತೆ ಪುಸ್ತಕದ ಪುಟಗಳು, ಬಿಲ್ಲು, ಪಾವತಿ ವೋಚರು ಮತ್ತು ಫೋಟೊಗಳ ದೃಢೀಕೃತ ನಕಲು ಕೊಡಬೇಕು.’ ಪುಟಕ್ಕೆ 2 ರೂಪಾಯಿ ತಗಲುತ್ತದೆ. 30 ದಿನದಲ್ಲಿ ಉತ್ತರ ಬರಬೇಕು. ಬಾರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ, ಅದೂ ಆಗದಿದ್ದರೆ 90 ದಿನದೊಳಗೆ ಮಾಹಿತಿ ಆಯೋಗಕ್ಕೆ. ಆಯೋಗದವರೆಗೆ ಹೋದರೆ ತಿಂಗಳುಗಳು ಕಳೆಯುತ್ತವೆ, ತಾಳ್ಮೆ ಬೇಕು. ಇನ್ನೊಂದು ತೊಡಕೆಂದರೆ ಅರ್ಜಿ ಹಾಕಿದ ಸಂಜೆಯೊಳಗೆ ನಿಮ್ಮ ಹೆಸರು ಊರಿಗೆಲ್ಲ ಗೊತ್ತಾಗುತ್ತದೆ. ಅದಕ್ಕಾಗಿ ಮೊದಲು ಬಾಯಿಮಾತಿನಲ್ಲಿ ಕೇಳಿ, ಆಮೇಲೆ ಸಾದಾ ಅರ್ಜಿ, ಕೊನೆಗೆ ಇದು. ಬಾಯಿಮಾತಿನಲ್ಲಿ ಕೇಳಿದಾಗಲೇ ಕಡತ ತೆರೆದು ತೋರಿಸಿದ ಪಿಡಿಒಗಳೂ ಇದ್ದಾರೆ. ಅವರಿಗೆ ಆ ಅವಕಾಶ ಕೊಡದೆ ಮೊದಲ ದಿನವೇ ಮಾಹಿತಿ ಹಕ್ಕಿನ ಅರ್ಜಿ ಎಸೆದರೆ ನಿಮ್ಮ ಪರ ಇರಬಹುದಾದ ಒಬ್ಬರನ್ನು ಕಳೆದುಕೊಳ್ಳುತ್ತೀರಿ.

ಮನೆಯವರ ಹೆದರಿಕೆಯನ್ನು ನಾನು ಹಗುರವಾಗಿ ನೋಡುವುದಿಲ್ಲ. ಊರಿನಲ್ಲಿ ಬದುಕಬೇಕಾದವರು ನೀವು. ಪ್ರಶ್ನೆ ಕೇಳಿದ್ದಕ್ಕೆ ನಲ್ಲಿ ಕತ್ತರಿಸುವ ಅಧಿಕಾರ ಯಾರಿಗೂ ಇಲ್ಲ. ಆದರೆ ನೀರಿನ ಕರ ಬಾಕಿ ಇದ್ದರೆ ಆ ನೆಪ ಅವರ ಕೈಯಲ್ಲಿರುತ್ತದೆ. ಆದ್ದರಿಂದ ಅರ್ಜಿ ಕೊಡುವ ಮೊದಲು ಮನೆ ಕಂದಾಯ, ನೀರಿನ ಕರ ಎರಡನ್ನೂ ಈ ವರ್ಷದವರೆಗೆ ಕಟ್ಟಿ ರಸೀದಿ ಎತ್ತಿಡಿ. ನಿಮ್ಮ ಜೊತೆ ಸಹಿ ಹಾಕುವ ಎಲ್ಲರಿಗೂ ಇದನ್ನೇ ಹೇಳಿ. ವಸತಿ ಯೋಜನೆಯ ಫಲಾನುಭವಿಗಳ ಆಯ್ಕೆ ಗ್ರಾಮಸಭೆಯಲ್ಲೇ ಆಗಬೇಕು, ಸದಸ್ಯರೊಬ್ಬರ ಮನೆಯ ಜಗುಲಿಯಲ್ಲಿ ಅಲ್ಲ. ಹೆಸರು ತೆಗೆಯುತ್ತಾರೆಂಬ ಭಯಕ್ಕೆ ಮದ್ದು ಗ್ರಾಮಸಭೆಯಲ್ಲಿ ಹಾಜರಿದ್ದು ಪಟ್ಟಿಯನ್ನು ಓದಿಸುವುದು. ಪೂರ್ತಿ ಭಯ ಹೋಗುತ್ತದೆ ಎಂದು ಸುಳ್ಳು ಹೇಳಲಾರೆ. ಒಬ್ಬರೇ ಅರ್ಜಿ ಕೊಟ್ಟರೆ ಮಾತು ಬರುತ್ತದೆ, ಕೆಲಸ ನಿಧಾನವಾಗುತ್ತದೆ, ಕಚೇರಿಗೆ ನಾಲ್ಕು ಸಲ ಅಲೆಸುತ್ತಾರೆ. ಹತ್ತು ಜನ ಒಟ್ಟಿಗೆ ಕೊಟ್ಟರೆ ಆ ಅಲೆದಾಟ ಕಡಿಮೆಯಾಗುತ್ತದೆ. ಎರಡು ಪಾರ್ಟಿಗಳ ಜನರೂ ಆ ಹತ್ತರಲ್ಲಿ ಇದ್ದರೆ ಇನ್ನೂ ಕಡಿಮೆ.

ಇನ್ನು ನಿಮ್ಮ ಸುದ್ದಿಹಾಳೆ. ಖಂಡಿತ ಮಾಡಿ. ಎಲ್ಲಿ ಅಂಟಿಸಬೇಕೆಂಬುದು ಮುಖ್ಯ. ಪಂಚಾಯಿತಿಯ ನೋಟಿಸ್ ಬೋರ್ಡಿನ ಮುಂದೆ ಯಾರೂ ನಿಲ್ಲುವುದಿಲ್ಲ. ಹಾಲಿನ ಡೇರಿಯ ಮುಂದೆ ಬೆಳಿಗ್ಗೆ, ಸಂಜೆ ಎರಡು ಹೊತ್ತೂ ಕ್ಯಾನು ಹಿಡಿದು ಊರೇ ಸಾಲು ನಿಲ್ಲುತ್ತದೆ. ತರಬೇತಿಗೆಂದು ಹೋದ ಒಂದು ಹಳ್ಳಿಯಲ್ಲಿ ಡೇರಿಯ ಗೋಡೆಗೆ ಶಾಲೆಯ ಹಳೆಯ ಕಪ್ಪು ಹಲಗೆಯೊಂದನ್ನು ನೇತುಹಾಕಿದ್ದರು. ಸಂಘದ ಹುಡುಗಿಯೊಬ್ಬಳು ಸೀಮೆಸುಣ್ಣದಲ್ಲಿ ಬರೆದಿದ್ದಳು: ‘ಬೀದಿ ದೀಪ 14. ಉರಿಯದಿರುವುದು 5. ಕಂಬ: ಮಾರಮ್ಮನ ಗುಡಿ, ಅಂಗನವಾಡಿ, ಹುಣಸೆ ಮರ, ಕೆರೆ ಏರಿ, ಡೇರಿ.’ ಕೆಳಗೆ ದಿನಾಂಕ. ಅಷ್ಟೇ. ಯಾರನ್ನೂ ಬೈದಿರಲಿಲ್ಲ, ಪ್ರಶ್ನೆಯನ್ನೂ ಕೇಳಿರಲಿಲ್ಲ. ನಾಲ್ಕು ದಿನದ ನಂತರ 5 ಅಳಿಸಿ 1 ಎಂದು ಬರೆದಿದ್ದನ್ನು ನಾನೇ ನೋಡಿದೆ. ಹಾಲು ಹಾಕಲು ಬರುವ ಸದಸ್ಯರು ದಿನಕ್ಕೆ ಎರಡು ಸಲ ಆ ಹಲಗೆಯನ್ನು ದಾಟಿ ಹೋಗಬೇಕಲ್ಲ.

ಜನರಿಗೆ ಉಪಯೋಗವಾಗುವುದನ್ನು ಮೊದಲು ಬರೆಯಿರಿ: ಯಾವ ಬೀದಿಗೆ ಯಾವ ದಿನ ನೀರು, ಪಡಿತರ ಯಾವಾಗ, ದನಗಳ ಕಾಲುಬಾಯಿ ಲಸಿಕೆ ಯಾವಾಗ, ಕರೆಂಟ್ ಯಾವ ಹೊತ್ತು. ಇದನ್ನು ಓದಲು ನಿಂತವರು ಪಂಚಾಯಿತಿಯ ಲೆಕ್ಕವನ್ನೂ ಓದುತ್ತಾರೆ. ಪ್ರತಿ ಸಂಖ್ಯೆಯ ಪಕ್ಕ ಅದು ಎಲ್ಲಿಂದ ತೆಗೆದದ್ದು, ಯಾವ ದಿನ ನೋಡಿದ್ದು ಎಂದು ಇರಲಿ. ‘ನುಂಗಿದರು’, ‘ಕಳ್ಳರು’ ಎಂಬ ಪದ ಒಂದು ಸಲವೂ ಬೇಡ. ಮಾನಹಾನಿ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮಿನಲ್ಲಿ ಅಪರಾಧ. ಸಾರ್ವಜನಿಕ ಹಿತಕ್ಕಾಗಿ ಹೇಳಿದ ಸತ್ಯಕ್ಕೆ ಅದರಲ್ಲೇ ರಕ್ಷಣೆ ಇದೆ, ಆದರೆ ಸತ್ಯವೆಂದು ತೋರಿಸಬೇಕಾದವರು ನೀವೇ ಆಗುತ್ತೀರಿ. ‘ಪುಸ್ತಕದಲ್ಲಿ ಇಷ್ಟು ಮೀಟರ್, ನಾವು ಅಳೆದದ್ದು ಇಷ್ಟು’ ಎಂದು ಬರೆಯಿರಿ, ಮುಂದಿನದನ್ನು ಓದುವವರು ಅರ್ಥ ಮಾಡಿಕೊಳ್ಳುತ್ತಾರೆ. ಫಲಾನುಭವಿಗಳ ಪಟ್ಟಿ ಹಾಕುವಾಗ ಆಧಾರ್, ಫೋನ್, ಬ್ಯಾಂಕ್ ಖಾತೆಯ ಸಂಖ್ಯೆಗಳನ್ನು ಬಿಟ್ಟುಬಿಡಿ. ಹಲಗೆಯ ಮೇಲೆ ಕೈಬರಹದಲ್ಲಿ ಬರೆಯುವವರೆಗೆ ತೊಂದರೆ ಇಲ್ಲ. ಮುಂದೆ ಅಚ್ಚು ಮಾಡಿಸಿ ತಿಂಗಳು ತಿಂಗಳು ಹಂಚುವ ಯೋಚನೆ ಬಂದರೆ 2023ರ ನಿಯತಕಾಲಿಕಗಳ ನೋಂದಣಿ ಕಾಯ್ದೆಯ ವಿಚಾರವನ್ನು ವಕೀಲರ ಬಳಿ ಕೇಳಿಕೊಳ್ಳಿ. ತಪ್ಪಾದರೆ ಮುಂದಿನ ತಿಂಗಳು ಅದೇ ಜಾಗದಲ್ಲಿ, ಅಷ್ಟೇ ದೊಡ್ಡ ಅಕ್ಷರದಲ್ಲಿ ತಿದ್ದಿ.

ನಿಮಗೆ ನಾನು ಹೇಳುವ ಕ್ರಮ ಹೀಗಿದೆ. ಈ ವಾರ ರಸೀದಿಗಳನ್ನು ಸರಿ ಮಾಡಿಕೊಂಡು ಸಭೆಯ ಬಗ್ಗೆ ಅರ್ಜಿ ಕೊಡಿ. ಅದರಲ್ಲೇ ಇನ್ನೊಂದು ಸಾಲು ಸೇರಿಸಿ: ಮುಂದಿನ ವಾರ್ಡ್ ಸಭೆಯ ದಿನ, ಜಾಗ, ಹೊತ್ತನ್ನು ಏಳು ದಿನ ಮೊದಲು ಡೇರಿಯ ಹಲಗೆಯ ಮೇಲೂ ಬರೆಸಬೇಕು, ಬರೆಯುವ ಕೆಲಸ ನಮ್ಮ ಸಂಘ ಮಾಡುತ್ತದೆ. ಇದನ್ನು ಬೇಡವೆನ್ನಲು ಅವರಿಗೆ ಕಾರಣ ಸಿಗುವುದಿಲ್ಲ. ಚರಂಡಿಯ ಅಂದಾಜು ಪಟ್ಟಿಯನ್ನು ಬಾಯಿಮಾತಿನಲ್ಲಿ ಕೇಳಿ, ಹದಿನೈದು ದಿನ ಕಾಯಿರಿ. ಅಷ್ಟರಲ್ಲಿ ನೀವೇ ಒಮ್ಮೆ ಮೋರಿಯಿಂದ ಬೇವಿನ ಮರದವರೆಗೆ ಅಳೆದು ಬರೆದಿಡಿ. ಹೊಲಿಗೆಯ ಟೇಪ್ ಒಂದೂವರೆ ಮೀಟರಿದ್ದು, ಮತ್ತೆ ಮತ್ತೆ ಇಟ್ಟು ಅಳೆದರೆ ಲೆಕ್ಕ ತಪ್ಪುತ್ತದೆ. ಗಾರೆ ಕೆಲಸದವರ ಬಳಿ ಮೂವತ್ತು ಮೀಟರಿನ ಟೇಪ್ ಇರುತ್ತದೆ, ಅದನ್ನು ತನ್ನಿ. ಅಳೆಯುವಾಗ ಬೀದಿಯ ಇಬ್ಬರನ್ನು ಕರೆದುಕೊಳ್ಳಿ, ನೀರುಗಂಟಿಯನ್ನೂ ಕರೆಯಿರಿ.